ಎಡಗೈ ಮೌಸು ಮತ್ತು ತಮ್ಮ ಕಣ್ಣೀರು

ಜಿಲ್ಲೆಯ ಗಣಕ ಪರಿಶೀಲನೆಯ ಹೊಣೆ ಹೊತ್ತ ಮಾನ್ಯರೇ,

ಕದರಮಂಡಲಗಿ ದಾರಿಯ ಹಳ್ಳಿ ಗ್ರಂಥಾಲಯದಲ್ಲಿರುವ ನಾಲ್ಕು ಕಂಪ್ಯೂಟರ್‌ಗಳನ್ನು ಬರುವ ಸೋಮವಾರ ಪೂರ್ತಿ ಅಳಿಸಿ ‘ಪ್ರಮಾಣಿತ ವ್ಯವಸ್ಥೆ’ ಹಾಕಬೇಕೆಂದು ತಾವು ಆದೇಶಿಸಿದ್ದೀರಿ. ಅಳಿಯಲಿರುವುದು ನಾನು ಎರಡು ವರ್ಷ ಕೂತು ಕಟ್ಟಿದ ‘ಬುತ್ತಿ’ ಎಂಬ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ. ಅದರಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿರುವ ಜಯವ್ವನವರಿಗೆ ಗುರುವಾರ ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಪರೀಕ್ಷೆಯಿದೆ. ಪಾಸಾದರೆ ಕೌಂಟರಿನಲ್ಲಿ ಕೂತು ಮೆಣಸಿನಕಾಯಿ ಚೀಲಗಳ ಚೀಟಿ ಟೈಪ್ ಮಾಡುವ ಕೆಲಸ. ಮೂರು ದಿನ ಮೊದಲೇ ಅವರ ಮುಂದಿನ ಕೀಬೋರ್ಡ್ ಕಿತ್ತುಕೊಳ್ಳುವಂಥ ಯಾವ ಅವಸರ ತಮಗೆ ಬಂದೊದಗಿತು?

ತಮ್ಮ ತಪಾಸಣಾ ವರದಿ ಓದಿದೆ. ಮೌಸ್ ತಿರುಗಾಮುರುಗಾ ಕೆಲಸ ಮಾಡುತ್ತದಂತೆ. ಪದಗಳು ಸರ್ಕಾರಿ ಪರಿಭಾಷೆಯಲ್ಲಿಲ್ಲವಂತೆ. ಪರದೆ ಮಸುಕಾಗಿದೆಯಂತೆ. ಮೂರನ್ನೂ ವಿನಯದಿಂದ ಒಪ್ಪಿಕೊಳ್ಳೋಣವೆಂದರೆ ಮೂರನೆಯದಕ್ಕೆ ಬಂದಾಗ ನಗು ತಡೆಯಲಾಗುತ್ತಿಲ್ಲ.

ನಾನು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಆ ನಾಲ್ಕು ಯಂತ್ರಗಳು ಯಾವುದೋ ಕಚೇರಿಯಿಂದ ನಿವೃತ್ತಿಯಾಗಿ ಹಳ್ಳಿ ಸೇರಿದವು. ತಮ್ಮ ಪ್ರಮಾಣಿತ ವ್ಯವಸ್ಥೆ ಅವುಗಳಲ್ಲಿ ತೆರೆದುಕೊಳ್ಳುವಷ್ಟರಲ್ಲಿ ಬಸ್ಸು ಹಿಡಿದು ಕಾಗಿನೆಲೆಗೆ ಹೋಗಿ ಬರಬಹುದು. ಅದಕ್ಕೇ ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಮೇಲೆ ಹಗುರವಾದದ್ದೊಂದನ್ನು ಕಟ್ಟಿದೆ. ಪೆನ್‌ಡ್ರೈವಿನಲ್ಲಿ ಕಟ್ಟಿಕೊಂಡು ಹೋಗಬಹುದು, ಹಾಗಾಗಿ ಬುತ್ತಿ. ಮೊದಲ ಬುತ್ತಿ ಹಳಸಿತ್ತು, ಒಪ್ಪುತ್ತೇನೆ. ಅಂಗಡಿಯಲ್ಲೇ ಕೂತು, ನನಗೆ ಚಂದ ಕಂಡದ್ದನ್ನೆಲ್ಲ ತುಂಬಿದ್ದೆ. ಗ್ರಂಥಾಲಯದ ಮೇಲ್ವಿಚಾರಕಿ ಮಹೇಶ್ವರಿ ಮೇಡಂ, ಉಣ್ಣುವವರು ಯಾರೆಂದು ನೋಡದೆ ಅಡುಗೆ ಮಾಡಿದ್ದೀರಿ ಎಂದರು. ಆಮೇಲೆ ಮೂರು ತಿಂಗಳು ಸಂಜೆ ಸಂಜೆ ಹೋಗಿ ಕಲಿಯುವವರ ಪಕ್ಕದಲ್ಲಿ ಕೂತೆ.

ಅವರೆಲ್ಲ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಕ್ಕಳು. ಎಡಗೈಗೆ ಬಟ್ಟೆ ಸುತ್ತಿ ಕಾಯಿ ಹಿಡಿದು, ಬಲಗೈ ಉಗುರಿನಿಂದ ದಿನವಿಡೀ ತೊಟ್ಟು ಕೀಳುವವರು. ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ಖಾರ ಹೋಗುವುದಿಲ್ಲ. ಹಾಗಾಗಿ ಕೆಲಸ ಬಿಟ್ಟ ಮೇಲೆ ಮಕ್ಕಳ ಮುಖವನ್ನಾಗಲಿ, ನಾಲ್ಕು ಜನ ಮುಟ್ಟುವ ವಸ್ತುವನ್ನಾಗಲಿ ಅವರು ಬಲಗೈಯಿಂದ ಮುಟ್ಟುವುದಿಲ್ಲ. ಮೌಸನ್ನೂ ಎಡಗೈಯಲ್ಲೇ ಹಿಡಿದು, ತಪ್ಪು ಬಟನ್ ಒತ್ತಿ ಒತ್ತಿ ಬೇಸತ್ತರು. ನಾನು ಮಹಾ ಜಾಣ, ಬಲಗೈ ಬಳಸಿ ಎಂದು ಪಾಠ ಹೇಳಿದೆ.

"ನಾಳಿಗೆ ಇಲ್ಲೇ ಸಾಲಿ ಹುಡುಗ್ರು ಬಂದು ಕುಂದ್ರತಾವ್ರಿ ಸರ್," ಎಂದರು ಜಯವ್ವ. "ಅವು ಕಣ್ಣು ತಿಕ್ಕೊಂಡ್ರ ಏನ್ ಮಾಡೂದ್ರಿ?"

ನಾನು ಓದಿದ ಡಿಪ್ಲೊಮಾದಲ್ಲಿ ಈ ಪಾಠ ಇರಲಿಲ್ಲ. ಅಂದೇ ಮೌಸಿನ ಬಟನ್‌ಗಳನ್ನು ಅದಲುಬದಲು ಮಾಡಿದೆ. ಬಲಗೈಯವರಿಗೆಂದು ಪರದೆಯ ಮೂಲೆಯಲ್ಲಿ ಒಂದು ಕೈಯ ಚಿತ್ರವಿದೆ, ಒತ್ತಿದರೆ ಸಾಕು, ಮೊದಲಿನಂತಾಗುತ್ತದೆ. ‘ಸ್ಥಗಿತಗೊಳಿಸು’ ಎಂಬ ಗುಂಡಿಯನ್ನು ಹೆದರಿ ಯಾರೂ ಒತ್ತುತ್ತಿರಲಿಲ್ಲ, ಈಗ ಅಲ್ಲಿ ‘ಇವತ್ತಿಗೆ ಸಾಕು’ ಎಂದಿದೆ. ಇದೇ ತಾವು ಹಿಡಿದ ಪರಿಭಾಷೆಯ ದೋಷ.

ಇನ್ನು ಮಸುಕು ಪರದೆ. ತಪಾಸಣೆಯ ದಿನ ತಾವು ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾರು ನಿಲ್ಲಿಸಿ, ಮನೆಗೊಯ್ಯಲು ಕಾಯಿ ಆರಿಸಿ, ಒಂದೊಂದನ್ನೂ ಮುರಿದು ಬೀಜ ನೋಡಿ, ಅದೇ ಕೈಯಲ್ಲಿ ದಯಮಾಡಿಸಿದಿರಿ. ಕಾರಿನಿಂದ ಇಳಿಯುತ್ತ ತಾವೇ ಅದನ್ನು ಹೆಮ್ಮೆಯಿಂದ ಹೇಳಿದಿರಿ, ನಾನು ಬಾಗಿಲಲ್ಲೇ ನಿಂತಿದ್ದೆ. ಮಹೇಶ್ವರಿ ಮೇಡಂ ಕೈತೊಳೆಯಲು ನೀರು ಕೊಟ್ಟರೆ ಸಮಯವಿಲ್ಲ ಎಂದಿರಿ. ಎಡಗೈ ಬಳಸಿ ಎಂದು ಜಯವ್ವ ಎರಡು ಸಲ ಹೇಳಿದರು, ತಮಗೆ ಕೇಳಿಸಲಿಲ್ಲ. ಬಲಗೈಯಲ್ಲಿ ಮೌಸ್ ಹಿಡಿದು, ಅದು ಮಾತು ಕೇಳದಿದ್ದಾಗ ಕನ್ನಡಕ ತೆಗೆದು ಕಣ್ಣುಜ್ಜಿದಿರಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದು ಖರೇ. ಆದರೆ ಆ ಮಾತು ನಾಲಿಗೆಗೆ, ಕಣ್ಣಿಗಲ್ಲ. ಧಾರಾಕಾರ ನೀರು ಸುರಿಸುತ್ತಲೇ ತಾವು ‘ಪರದೆ ಮಸುಕು’ ಎಂದು ಬರೆದಿರಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ! ತಾವು ಹೋದ ಮೇಲೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕದ್ದು ನಿಜ. ಆದೇಶ ಬಂದ ದಿನ ಯಾರೂ ನಗಲಿಲ್ಲ.

ಏಕರೂಪತೆ ಬೇಕೆನ್ನುತ್ತೀರಿ. ಜಿಲ್ಲೆಯ ಕೈಗಳೆಲ್ಲ ಏಕರೂಪವಾಗಿವೆಯೇ ಸ್ವಾಮಿ? ಹದಿನಾರು ವರ್ಷ ಮೆಣಸಿನಕಾಯಿ ತುಂಬು ಬಿಡಿಸಿದ ಹೆಂಗಸು ಮೊದಲ ಸಲ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸವೊಂದನ್ನು ಬಯಸಿದ್ದಾರೆ. ಅದನ್ನು ಕೆಡಿಸಲು ಒಂದು ಸಹಿ ಸಾಕಾಯಿತಲ್ಲ ಎಂದು ನನಗೆ ಸಿಟ್ಟಿದೆ, ಸಂಕಟವೂ ಇದೆ.

ಈ ಪತ್ರವನ್ನು ನಾನು ಹೇಳುತ್ತ ಹೋದೆ, ಟೈಪ್ ಮಾಡಿದವರು ಜಯವ್ವ, ಅದೇ ಬುತ್ತಿಯಲ್ಲಿ, ಎಡಗೈಯೊಂದರಿಂದಲೇ, ಮೂರು ಸಂಜೆ ಕೂತು. ಕೊನೆಗೆ ‘ಸದರಿ ಆದೇಶವನ್ನು ಮರುಪರಿಶೀಲಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ’ ಎಂದೆ. ಇಷ್ಟುದ್ದ ಯಾಕೆ ಎಂದು ಅವರು ಅದನ್ನು ಅಳಿಸಿ ಹಾಕಿದರು. ಬೇಡಿಕೆಯನ್ನು ಅವರೇ ಬರೆದಿದ್ದಾರೆ, ನಾನು ಒಂದಕ್ಷರ ತಿದ್ದಿಲ್ಲ:

"ಸೋಮವಾರ ಅಳಿಸಬ್ಯಾಡ್ರಿ. ಗುರುವಾರ ನನ್ನ ಪರೀಕ್ಷೆ ಐತಿ. ನನ್ನ ಹಿಂದ ಇನ್ನೂ ಹನ್ನೊಂದು ಮಂದಿ ಕಲಿಯಾಕತ್ತಾರ."

ಇಂತಿ,
ಎರಡು ವರ್ಷದ ಕೆಲಸಕ್ಕೆ ಎರಡು ಸಾಲಿನ ಆದೇಶ ಪಡೆದ
ವಿಜಯಮಹಾಂತೇಶ, ರಾಣೆಬೆನ್ನೂರು