ಬೊಗಸೆ ನೀರು ಮತ್ತು ಮೂರು ಖಾಲಿ ಕುರ್ಚಿ

ಕಾಲುವೆ ಓಣಿ, ಕೊಪ್ಪಳ
ಜೂನ್ ಮೂವತ್ತೊಂದು, ೨೧೯೪

ನಮಗಿಂತ ಮೊದಲು ಬಾಳಿದ ಹಿರಿಯರೇ,

ತಾರೀಕು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಜೂನ್ ತಿಂಗಳಿಗೆ ಮೂವತ್ತೇ ದಿನ ಎಂದು ನನಗೆ ಗೊತ್ತಿದೆ. ನಾವು ಅದಕ್ಕೆ ಒಂದು ದಿನ ಸೇರಿಸಿಕೊಂಡಿದ್ದೇವೆ. ಮತ ಹಾಕುವ ದಿನ ಯಾರಿಗೂ ಕೂಲಿ ತಪ್ಪಬಾರದು, ಯಾರೂ ಯಜಮಾನನ ಅಪ್ಪಣೆ ಕೇಳುವಂತಾಗಬಾರದು ಎಂದು ಯಾವ ಲೆಕ್ಕಕ್ಕೂ ಸೇರದ ದಿನವೊಂದನ್ನು ಮಾಡಿಕೊಂಡೆವು. ಇವತ್ತೇ ಆ ದಿನ. ಹಿನ್ನಂಚೆ, ಅಂದರೆ ಹಿಂದಿನವರಿಗೆ ಕಾಗದ ಮುಟ್ಟಿಸುವ ಅಂಚೆ, ತೆರೆಯುವುದೂ ಇದೊಂದೇ ದಿನ. ಸಾಮಾನ್ಯವಾಗಿ ಜನ ಮುತ್ತಜ್ಜಿಗೆ ಕ್ಷೇಮಸಮಾಚಾರ ಬರೆಯುತ್ತಾರೆ, ಉಪ್ಪಿನಕಾಯಿ ಕೆಡದಂತೆ ಹಾಕುವ ಬಗೆ ಕೇಳುತ್ತಾರೆ. ನಾನು ಜಗಳ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಿ. ಸಿಟ್ಟು ಮಾತ್ರ ನಿಮಗೂ ಪರಿಚಯದ್ದೇ ಇದ್ದೀತು.

ನನ್ನ ಹೆಸರು ನಿಂಬವ್ವ ಕವಲೂರ. ಈ ಓಣಿಗೆ ನಾನು ನೀರು ಹಾಕುವವಳು. ಹಾಗೆಂದರೇನು ಎಂದು ಹೇಳಬೇಕಾದರೆ ನಮ್ಮ ಚುನಾವಣೆಯನ್ನೇ ಹೇಳಬೇಕು. ತುಂಗಭದ್ರೆಯ ಎರಡೂ ದಂಡೆಯ ಊರುಗಳು ಸೇರಿ ನಮ್ಮದೊಂದು ಒಕ್ಕೂಟ, ಅದಕ್ಕೊಬ್ಬ ಅಧ್ಯಕ್ಷ, ಅವನನ್ನು ನಾವು ಎರಡು ಸುತ್ತಿನಲ್ಲಿ ನೇರವಾಗಿ ಆರಿಸುತ್ತೇವೆ; ಮೊದಲ ಸುತ್ತು ಗೆದ್ದ ಇಬ್ಬರಿಗೇ ಇವತ್ತಿನ ಎರಡನೇ ಸುತ್ತು. ದುಡ್ಡಿದ್ದವನೇ ಗೆಲ್ಲುವ ಆಟ ಸಾಕು ಎಂದು ನಮ್ಮ ಅಜ್ಜಂದಿರು ಬೊಗಸೆ ನಿಧಿಯನ್ನು ಕಟ್ಟಿದರು. ವರ್ಷಕ್ಕೊಂದು ಸಂಜೆ ಪ್ರತಿ ಮನೆಯೂ ತನ್ನ ಪಾಲಿನ ನೀರನ್ನು ಬಿಟ್ಟುಕೊಡುತ್ತದೆ. ಆ ನೀರನ್ನು ಕಾರ್ಖಾನೆಗಳಿಗೆ ಮಾರಿ ಬಂದ ಹಣವೇ ಬೊಗಸೆ. ಆ ಸಂಜೆ ನಮ್ಮಲ್ಲಿ ಒಲೆ ಹೊತ್ತಿಸುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದು, ಕೈ ತೊಳೆಯದೆ ಸೆರಗಿಗೆ ಒರೆಸಿಕೊಂಡು, ಗಂಟಲು ಒಣಗಿದರೂ ನಗುತ್ತಾ ಕಟ್ಟೆಯ ಮೇಲೆ ಕೂತು ಹರಟುತ್ತೇವೆ. ಹಸುಗೂಸಿನ ತಾಯಂದಿರಿಗೆ ವಿನಾಯಿತಿ ಉಂಟು, ಆದರೆ ಅವರೂ ಅರ್ಧ ಕೊಡ ಕೊಟ್ಟೇ ಕೊಡುತ್ತಾರೆ. ನಮ್ಮ ಬಾಯಾರಿಕೆಯ ಹಣ ಅದು, ತಿಳಿಯಿತೇ?

ಆ ಹಣ ಬೇಕೆನ್ನುವ ಅಭ್ಯರ್ಥಿ ಓಣಿ ಓಣಿಗೂ ಬರಬೇಕು, ಬೊಗಸೆಯೊಡ್ಡಿ ನಿಲ್ಲಬೇಕು, ಓಣಿಯ ತಂಬಿಗೆಯಿಂದ ನಾವು ಹಾಕಿದ ನೀರು ಕುಡಿಯಬೇಕು. ಅದೇ ಆಣೆ. ಕುಡಿದ ಮೇಲೆ ಬೇರೆ ಯಾರಿಂದಲೂ ದೇಣಿಗೆ ಮುಟ್ಟುವಂತಿಲ್ಲ, ಗೊತ್ತುಮಾಡಿದ ಮಿತಿ ದಾಟಿ ಖರ್ಚು ಮಾಡುವಂತಿಲ್ಲ. ಮತದ ದಿನ ಬೆಳಿಗ್ಗೆ ಇನ್ನೊಮ್ಮೆ ಬಂದು ನೀರು ಕುಡಿದು ಹೋಗುವುದು ವಾಡಿಕೆ. ಈ ಆಣೆ ಕಾಯಲು ಐವರ ಪಂಚಾಯ್ತಿ ಇದೆ. ಅದರಲ್ಲಿ ಕೂರುವವರು ನೀರು ಹಾಕುವವರೇ. ನಾಲ್ವರಾದರೂ ಕೂತರೆ ಮಾತ್ರ ಅದು ಸಭೆ. ಕುರ್ಚಿ ಖಾಲಿಯಾದರೆ ತುಂಬುವುದು ಒಕ್ಕೂಟದ ಮಂಡಳಿಯ ಕೆಲಸ. ಎಷ್ಟು ದಿನದೊಳಗೆ ತುಂಬಬೇಕು ಎಂದು ನಮ್ಮ ಅಜ್ಜಂದಿರು ಬರೆಯಲಿಲ್ಲ. ದೊಡ್ಡವರ ಮೇಲೆ ಗಡುವು ಹೇರುವುದು ಮರ್ಯಾದೆಯಲ್ಲ ಅಂದುಕೊಂಡರಂತೆ. ಮರ್ಯಾದೆ!

ಹೋದ ವರ್ಷ ದ್ಯಾಮಣ್ಣ ಅಳವಂಡಿ ಅಧ್ಯಕ್ಷಗಿರಿಗೆ ನಿಂತ. ಆಳು ಕೆಟ್ಟವನಲ್ಲ ಅನ್ನುತ್ತಿದ್ದರು. ಮುರಿದ ಕಾಲುವೆ ಬಾಗಿಲುಗಳನ್ನು ಮುಂದೆ ನಿಂತು ಕಟ್ಟಿಸಿದವನು. ಆದರೆ ಕೈಯಲ್ಲಿ ಕಾಸಿರಲಿಲ್ಲ. ಸಂಬಳ ಸಿಗದೆ ಅವನ ಪ್ರಚಾರದ ಹುಡುಗರು ಒಬ್ಬೊಬ್ಬರಾಗಿ ಕಾಲು ಕಿತ್ತರು. ಆಗ ನಮ್ಮ ಓಣಿಗೆ ಬಂದ. ನಾನೇ ನೀರು ಹಾಕಿದೆ. ಕಣ್ಣು ಮುಚ್ಚಿ ಕುಡಿದ, ಮೊಣಕೈವರೆಗೆ ಹರಿದ ಹನಿಯನ್ನೂ ಬಿಡದೆ ತಲೆಗೆ ಸವರಿಕೊಂಡ. ಅವನಿಗೆ ಬೊಗಸೆ ಚೀಟಿ ಸಿಕ್ಕಿತು. ಗೆಲ್ಲಲಿ ಸೋಲಲಿ, ಎರಡನೇ ಸುತ್ತಿನ ಹೊತ್ತಿಗೆ ನಿಧಿಯಿಂದ ಇಷ್ಟು ಹಣ ಈತನಿಗೆ ಬರುತ್ತದೆ ಎಂಬ ಭರವಸೆಯ ಚೀಟಿ ಅದು.

ಆ ಚೀಟಿ ಹಿಡಿದು ಅವನು ನೇರ ಹೋದದ್ದು ಸಾಲ ಕೊಡುವವರ ಬಾಗಿಲಿಗೆ. ಅಲ್ಲಿ ಅವನು ಅವರಿಗೆ ಬರೆದುಕೊಟ್ಟ ಕರಾರು ಕೇಳಿ, ಹಿರಿಯರೇ: ಮೊದಲ ಸುತ್ತಿನಲ್ಲಿ ಸೋತರೆ ಬೊಗಸೆಯಲ್ಲೇ ಉಳಿಯುತ್ತೇನೆ, ಆ ಹಣ ನಿಮ್ಮ ಸಾಲಕ್ಕೆ. ಗೆದ್ದರೆ ಬೊಗಸೆಯನ್ನೂ ಅದರ ಆಣೆಯನ್ನೂ ಬಿಡುತ್ತೇನೆ, ಶ್ರೀಮಂತರಿಂದ ಎತ್ತಿ ತೀರಿಸುತ್ತೇನೆ. ಅಂದರೆ ಸೋತರೆ ನಷ್ಟ ನಮ್ಮ ತಲೆಗೆ, ಗೆದ್ದರೆ ಲಾಭ ಅವನ ಜೇಬಿಗೆ. ನಾವು ಒಂದು ಸಂಜೆ ಗಂಟಲು ಒಣಗಿಸಿಕೊಂಡದ್ದು ಇವನ ಸಾಲಕ್ಕೆ ಜಾಮೀನು ನಿಲ್ಲಲಿಕ್ಕೇನು? ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ಸಾಲದ ಬಲದಿಂದ ಮೊದಲ ಸುತ್ತು ಗೆದ್ದ. ಗೆದ್ದ ಮರುದಿನವೇ ಕಾರ್ಖಾನೆಯವರು ಹಣದ ಥೈಲಿ ಹಿಡಿದು ಅವನ ಮನೆ ಮುಂದೆ ಸಾಲುಗಟ್ಟಿದರು. ಅವನು ನಮ್ಮ ಪಂಚಾಯ್ತಿಗೊಂದು ಕಾಗದ ಕಳಿಸಿದ: ನಾನು ಬೊಗಸೆ ಬಿಟ್ಟಿದ್ದೇನೆ, ತಮ್ಮ ಅವಗಾಹನೆಗೆ. ಅಪ್ಪಣೆ ಕೇಳಿದ್ದಲ್ಲ, ತಿಳಿಸಿದ್ದು! ಚೀಟಿಯನ್ನು ಒತ್ತೆಯಿಟ್ಟು ಲಾಭ ಉಂಡವನು ಪಂಚಾಯ್ತಿ ಒಪ್ಪದೆ ಹೊರಗೆ ಹೋಗುವಂತಿಲ್ಲ ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ. ಒಪ್ಪುವುದಿಲ್ಲ ಎಂದು ಹೇಳಲು ನಾವು ಎಷ್ಟು ಮಂದಿ ಇದ್ದೆವು? ಇಬ್ಬರು. ನಾನು, ಮತ್ತು ಕೋಟೆ ಓಣಿಯ ಹುಸೇನಸಾಬರು. ಉಳಿದ ಮೂವರ ಅವಧಿ ಮುಗಿದಿತ್ತು. ಅವರ ಕುರ್ಚಿ ತುಂಬಬೇಕಾದ ಮಂಡಳಿಯ ತುಂಬ ದ್ಯಾಮಣ್ಣನ ಕಡೆಯವರೇ. ಇವತ್ತು ನಾಳೆ ಎನ್ನುತ್ತಾ ನಮ್ಮ ಮೂಗಿಗೆ ತುಪ್ಪ ಸವರಿದರು. ದಿನವೂ ಹೋಗಿ, ಕುರ್ಚಿಗಳ ಧೂಳು ಒರೆಸಿ, ಆ ಖಾಲಿ ಕುರ್ಚಿಗಳನ್ನು ನೋಡುತ್ತಾ ಕೂತೆವು. “ನಾವಿಬ್ರ ಕುಂತ್ರ ಅದು ಸಭಾ ಅಲ್ರೀ ನಿಂಬಕ್ಕ, ಹರಟಿ” ಎನ್ನುತ್ತಿದ್ದರು ಹುಸೇನಸಾಬರು. ದ್ಯಾಮಣ್ಣನ ವಕೀಲ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಇಲ್ಲ ಎನ್ನುವವರು ಇಲ್ಲದ ಮೇಲೆ ಹೌದು ಎಂದೇ ಅರ್ಥ ಎಂದು ಬರೆದು ಕಳಿಸಿದ.

ಎರಡನೇ ಸುತ್ತಿನಲ್ಲಿ ಅವನೆದುರು ಉಳಿದವಳು ಫಕೀರವ್ವ ಕುಕನೂರ ಒಬ್ಬಳೇ. ಕಾಲುವೆ ಆಸ್ಪತ್ರೆಯ ನರ್ಸು, ಈ ಓಣಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವಳು. ಅವಳೂ ನಮ್ಮ ನೀರು ಕುಡಿದಿದ್ದಳು, ಮಿತಿಯೊಳಗೇ ಖರ್ಚು ಮಾಡಿದಳು. ನಮ್ಮಲ್ಲಿ ಪ್ರಚಾರವೆಂದರೆ ಮಾತುಗಂಬ. ಓಣಿಗೊಂದು ಕಂಬ, ಅಭ್ಯರ್ಥಿ ಹಣ ಕಟ್ಟಿದಷ್ಟು ಹೊತ್ತು ಅವನ ದನಿಯಲ್ಲಿ ಮಾತಾಡುತ್ತದೆ. ಮಿತಿ ಮುಗಿದ ಕೂಡಲೇ ಫಕೀರವ್ವನ ದನಿ ನಿಂತಿತು. ದ್ಯಾಮಣ್ಣನದು ನಿಲ್ಲಲೇ ಇಲ್ಲ. ರೊಟ್ಟಿ ಬಡಿಯುವಾಗ ಅವನು, ಕೂಸು ತೂಗುವಾಗ ಅವನು. ಕಡೆಯ ವಾರ ಅವನ ಕಂಬ ಹೊಸದೊಂದು ಸುಳ್ಳು ಶುರು ಮಾಡಿತು: ಫಕೀರವ್ವ ಗೆದ್ದರೆ ಕಾಲುವೆ ಆಸ್ಪತ್ರೆ ಮುಚ್ಚುತ್ತಾಳೆ. ತನ್ನ ಜೀವ ತೇಯ್ದ ಆಸ್ಪತ್ರೆಯನ್ನು!

ಅವಳು ನಮ್ಮಿಬ್ಬರ ಮುಂದೆ ಬಂದು ನಿಂತಳು. “ಯಕ್ಕಾ, ಒಂದ ಮಾತ ಹೇಳಾಕ ಬಿಡ್ರಿ. ನಾ ಮುಚ್ಚಂಗಿಲ್ಲ ಅಂತ ಅಷ್ಟ. ಬ್ಯಾರೆ ಏನೂ ಬ್ಯಾಡ” ಅಂದಳು. ಮಿತಿ ಸಡಿಲಿಸಲೂ ನಾಲ್ವರು ಕೂರಬೇಕು. ಆಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ನಿಯಮ ಮುರಿದವನಿಗೆ ನಾವು ಇದ್ದೂ ಇಲ್ಲ, ಪಾಲಿಸಿದವಳ ಬಾಯಿಗೆ ಮಾತ್ರ ನಮ್ಮ ಬೀಗ. ಥೂ, ಇದೂ ಒಂದು ಅಧಿಕಾರವೇ!

ಇವತ್ತು ಬೆಳಿಗ್ಗೆ ವಾಡಿಕೆಯಂತೆ ತಂಬಿಗೆ ಹಿಡಿದು ಓಣಿಯ ತುದಿಗೆ ನಿಂತಿದ್ದೆ. ಲೆಕ್ಕಕ್ಕೆ ಸೇರದ ಈ ದಿನ ಮನೆಗಳಿಗೆ ನೀರಿನ ಪಾಲಿಲ್ಲ, ಆಣೆಗೆಂದು ಓಣಿಗೆ ಒಂದೇ ತಂಬಿಗೆ. ಸಂಜೆ ನಲ್ಲಿ ಬಿಡುವ ತನಕ ಯಾವ ಮನೆಯಲ್ಲೂ ಹನಿ ಇರುವುದಿಲ್ಲ. ಮೊದಲು ದ್ಯಾಮಣ್ಣ ಬಂದ, ಹಿಂದೆ ಐವತ್ತು ಜನ. ಯಾವುದೂ ಆಗೇ ಇಲ್ಲವೆಂಬಂತೆ ನಗುತ್ತಾ ಬೊಗಸೆಯೊಡ್ಡಿದ. ಎಂಥ ಮುಖ ರೀ ಅದು! ನಾನು ತಂಬಿಗೆ ಬಗ್ಗಿಸಲಿಲ್ಲ. ಹಾಕುವುದಿಲ್ಲ ಅಂದೆ. ಯಾಕೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವನ ಕೈ ಹಾಗೇ ಒಡ್ಡಿಕೊಂಡೇ ಇತ್ತು. ಈಗಲಾದರೂ ಯಾರಾದರೂ ನನ್ನ ಜೊತೆ ಬಾಯಿ ಬಿಡುತ್ತಾರೆ ಅಂದುಕೊಂಡೆ.

ಬಾಯಿ ಬಿಟ್ಟವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಸಾಂತವ್ವ. “ಅಯ್ಯ, ಬಾಗಲಿಗೆ ಬಂದವ್ರಿಗೆ ನೀರಿಲ್ಲ ಅಂತಾರೇನ ಯಕ್ಕಾ? ಮಂದಿ ಏನಂದಾರು!” ಎಂದು ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡು ಅವನ ಬೊಗಸೆಗೆ ಸುರಿದಳು. ದ್ಯಾಮಣ್ಣನಿಂದ ಅವಳಿಗೆ ಬಿಡಿಗಾಸು ಬಂದಿಲ್ಲ, ಅವನ ಮೇಲೆ ಪ್ರೀತಿಯೂ ಇಲ್ಲ. ಬಂದವರ ಮುಖ ಮುರಿಯಬಾರದು, ಅಷ್ಟೇ. ಓಣಿಯೆಲ್ಲ ತಲೆಯಾಡಿಸಿತು. ಅವನು ಎರಡು ಗುಟುಕು ಕುಡಿದ. ಉಳಿದದ್ದರಲ್ಲಿ ಕೈ ತೊಳೆದುಕೊಂಡ.

ಬಿಸಿಲೇರಿದ ಮೇಲೆ ಫಕೀರವ್ವ ಬಂದಳು. ಆಸ್ಪತ್ರೆಯಿಂದ ಒಬ್ಬಳೇ ನಡೆದುಕೊಂಡು ಬಂದಿದ್ದಳು. ತುಟಿ ಒಡೆದಿತ್ತು, ಸೆರಗು ಬೆವರಿಗೆ ತೊಯ್ದಿತ್ತು. ಬೊಗಸೆಯೊಡ್ಡಿದಳು. ನಾನು ತಂಬಿಗೆ ಬಗ್ಗಿಸಿದೆ, ಏನೂ ಬರಲಿಲ್ಲ. ಸಾಂತವ್ವ ತಲೆ ತಗ್ಗಿಸಿದಳು. ಫಕೀರವ್ವ ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕೈ ಮಡಚಿಕೊಂಡಳು. “ಇರ್ಲಿ ಬಿಡ್ರಿ ಯಕ್ಕಾ, ನನಗ ನೀರಡಿಕಿ ಆಗಿಲ್ಲ” ಅಂದಳು. ತಲೆಯ ಮೇಲೆ ಮಾತುಗಂಬ ಅವಳು ಆಸ್ಪತ್ರೆ ಮುಚ್ಚುತ್ತಾಳೆಂದು ಸಾರುತ್ತಲೇ ಇತ್ತು.

ಮತ ಇನ್ನೂ ಎಣಿಸಿಲ್ಲ. ಎಣಿಸುವ ಮೊದಲೇ ನನಗೆ ತಿಳಿದದ್ದನ್ನು ನಿಮಗೆ ಬರೆದಿದ್ದೇನೆ. ಹಿನ್ನಂಚೆಯವನು ಬಾಗಿಲು ಹಾಕಲು ಕಾಯುತ್ತಿದ್ದಾನೆ, ಆದ್ದರಿಂದ ಚುಟುಕಾಗಿ ಕೇಳುತ್ತೇನೆ. ನಮ್ಮ ಅಜ್ಜಂದಿರು ನಿಮ್ಮ ಮೊಮ್ಮಕ್ಕಳು. ಅವರು ನಿಮ್ಮ ಮಡಿಲಲ್ಲೇ ಮಾತು ಕಲಿಯುವವರು. ಬಂದವರಿಗೆ ನೀರು ಕೊಡುವುದನ್ನು ಅವರಿಗೆ ಕಲಿಸಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ, ನಾಚಿಕೆಯಿಲ್ಲದವನು ಕೈಯೊಡ್ಡಿದಾಗ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನೂ ಕಲಿಸಿ. ಮಂದಿ ಏನಾದರೂ ಅನ್ನಲಿ. ನಿಮ್ಮ ಊರಿನಲ್ಲೂ ಕಾಯುವವರ ಕುರ್ಚಿ ಖಾಲಿ ಬಿದ್ದಿದ್ದರೆ ಯಾರು ಖಾಲಿ ಬಿಟ್ಟರು ಎಂದು ಗಟ್ಟಿಯಾಗಿ ಕೇಳಿ, ಈಗಲೇ ಕೇಳಿ.

ನನಗೆ ಇನ್ನೊಂದು ಕೆಲಸವಿದೆ. ಸಂಜೆ ನಲ್ಲಿ ಬಿಟ್ಟ ಕೂಡಲೇ ಮೊದಲ ತಂಬಿಗೆ ತುಂಬಿಕೊಂಡು ಆಸ್ಪತ್ರೆಗೆ ಹೋಗಬೇಕು. ಸಾಂತವ್ವ ತಾನೂ ಬರುತ್ತೇನೆಂದು ಹೊಸ್ತಿಲ ಹತ್ತಿರ ನಿಂತಿದ್ದಾಳೆ. ಅವಳ ಜೊತೆ ನಾನಿನ್ನೂ ಮಾತಾಡಿಲ್ಲ.

ನಿಮ್ಮವಳು,
ನಿಂಬವ್ವ