ದಂಡ ಹಾಕುವ ಮನೆ

ಜೂನ್ ೧೪, ಭಾನುವಾರ

ಬಟಾಣಿಯ ಅಪ್ಪನಿಗೆ,

ನಾವೆಲ್ಲ ಕ್ಷೇಮ ಅಂತ ಬರೆಯಲು ಹೊರಟು ಕೈ ನಿಂತಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಟೈಲರ್ ಅಂಗಡಿಯಿಂದ ಸಮವಸ್ತ್ರದ ರಾಶಿ ಬಂದಿತ್ತು, ಕಾಜ ಹೊಲಿದು ಗುಂಡಿ ಹಚ್ಚಿ ಬೆರಳು ತೂತಾಗಿದೆ. ಅದು ಅರ್ಧ ನಿಜ. ಇನ್ನರ್ಧ, ನಿಮಗೆ ಬೈಯದೆ ಒಂದು ಸಾಲು ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮ ಗಣಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲದ್ದು ನಿಮ್ಮ ಪುಣ್ಯ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಸಾಲದಲ್ಲಿ ಇನ್ನು ಎರಡೇ ಕಂತು ಬಾಕಿ. ಬ್ಯಾಂಕಿನ ಮ್ಯಾನೇಜರು ಮೊನ್ನೆ ಕುರ್ಚಿ ಕೊಟ್ಟು ಕೂರಿಸಿದರು. ನೀವು ಪಾಲುದಾರನನ್ನು ನಂಬಿ ಟೋಪಿ ಹಾಕಿಸಿಕೊಂಡ ವರ್ಷ ಇದೇ ಮನುಷ್ಯ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು.

ಎಲ್ಲ ನಿಮ್ಮ ದಂಡದ ಕೃಪೆ. ಗಣಿಗೆ ಹೊರಡುವ ಮುನ್ನ ಊಟಕ್ಕೆ ಕೂತು ನಗುನಗುತ್ತ ಕಾನೂನು ಮಾಡಿದಿರಿ. "ಅಂದುಕೊಳ್ಳದ ಖರ್ಚು ಯಾರಿಂದ ಬರತ್ತೋ ಅವರೇ ದಂಡ ಕಟ್ಟಬೇಕು. ದುಡ್ಡಲ್ಲ, ಇಷ್ಟದ್ದೊಂದನ್ನ ಬಿಡಬೇಕು." ಕಾನೂನು ನಿಮ್ಮದು, ಜಾರಿ ಮಾಡಿದವಳು ನಾನು. ಅತ್ತೆ ಕನ್ನಡಕ ಒಡೆದುಕೊಂಡು ಚಹಾ ಬಿಟ್ಟರು. ನಲ್ಲಿ ಮುರಿದಾಗ ಕೊನೆಗೆ ತಿರುಗಿಸಿದ್ದು ಯಾರು ಅಂತ ವಿಚಾರಣೆಯೇ ನಡೆಯಿತು. ನಾನೇ ಸಿಕ್ಕಿಬಿದ್ದೆ, ರೇಡಿಯೋ ಬಿಟ್ಟೆ. ನಮ್ಮ ಬಟಾಣಿ ಸ್ಲೇಟು ಒಡೆದು ಬಿಸ್ಕತ್ತು ಬಿಟ್ಟಳು. ಶಾಲೆಯ ಶೂ ಚಿಕ್ಕದಾದದ್ದಕ್ಕೆ ಬಣ್ಣದ ಪೆನ್ಸಿಲ್ ಡಬ್ಬಿ ಕಪಾಟಿನ ಮೇಲೇರಿತು. "ಕಾಲು ಬೆಳೆದಿದ್ದು ನನ್ನ ತಪ್ಪಾ ಅಮ್ಮಾ?" ಅಂದಳು. ನಾನೂ ಅತ್ತೆಯೂ ಬಿದ್ದು ಬಿದ್ದು ನಕ್ಕೆವು. ನಿಮಗೆ ತಿಳಿಸಿದಾಗ ನೀವೂ ಬರೆದಿರಿ, "ಕಾನೂನು ಅಂದ್ರೆ ಕಾನೂನು!"

ಈಗ ಮಗಳ ಕಿವಿಯ ವಿಷಯ. "ಹೇಗಾಯ್ತು, ನೀನು ನೋಡ್ಲಿಲ್ವಾ?" ಅಂತ ಕೇಳಿದ್ದೀರಿ. ನೋಡಲಿಲ್ಲ. ಅವಳು ತೋರಿಸಲೂ ಇಲ್ಲ. ಕಿವಿ ಸೋರುತ್ತಿದ್ದರೆ ನನ್ನ ಹೊಲಿಗೆ ಬುಟ್ಟಿಯ ಚಿಂದಿ ತುರುಕಿಕೊಂಡು, ಮೇಲೆ ಕೂದಲು ಇಳಿಬಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದಳು. ಏಳು ವರ್ಷದ ಹುಡುಗಿಗೆ ಎಂಥ ಬುದ್ಧಿ ನೋಡಿ. ಜ್ವರ ಬಂದು ಬಿದ್ದ ಮೇಲೆ ಆಸ್ಪತ್ರೆಗೆ ಹೊತ್ತೊಯ್ದೆ. ಡಾಕ್ಟರಮ್ಮ ಚಿಮಟದಲ್ಲಿ ಬಟ್ಟೆ ಎಳೆದಾಗ ಆ ವಾಸನೆಗೆ ನರ್ಸ್ ಮುಖ ತಿರುಗಿಸಿದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಪುಟ್ಟಾ?"

"ದಂಡ ಬೀಳತ್ತೆ. ನನ್ನ ಹತ್ರ ಬಿಡೋಕೆ ಇನ್ನೇನೂ ಇಲ್ಲ."

ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ಅರ್ಧ ನಿಮಗೂ ಕಳಿಸಬೇಕು ಅನ್ನಿಸಿತು.

ಎಡಗಿವಿ ಹೋಯಿತು. ಇನ್ನು ಬರುವುದಿಲ್ಲವಂತೆ. ಅತ್ತೆ ತಮ್ಮ ಉಂಗುರ ಮಾರಿ ಆಸ್ಪತ್ರೆಯ ಬಿಲ್ಲು ಕಟ್ಟಿದರು, ಕಂತಿನ ದುಡ್ಡಿಗೆ ನನ್ನನ್ನು ಕೈ ಹಾಕಲು ಬಿಡಲಿಲ್ಲ. "ಮಹಾರಾಯನ ಲೆಕ್ಕ ತಪ್ಪಬಾರದಲ್ಲಮ್ಮ," ಅಂದರು. ಮಗನ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಇದೇ ಮೊದಲು. ಮನೆಗೆ ಬಂದವಳೇ ಪೆನ್ಸಿಲ್ ಡಬ್ಬಿ ಇಳಿಸಿ ಮಗಳ ಮಡಿಲಲ್ಲಿಟ್ಟೆ. "ಕಿವಿದು ದಂಡ ಮುಗಿದ ಮೇಲೆ ಕೊಡು," ಅಂತ ತಿರುಗಿ ನನ್ನ ಕೈಗೇ ಕೊಟ್ಟಳು. ನನಗೆ ಅಳು ಬರಲಿಲ್ಲ, ನಿಮ್ಮ ಮೇಲೆ ಅಸಹ್ಯ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ರಜೆ ಹಾಕಿ ಬರುತ್ತೇನೆ ಅಂದಿದ್ದೀರಿ. ಬೇಡ ಅನ್ನಲಾರೆ. ಆದರೆ ಸಂಬಳದ ಕಡಿತ, ಬಸ್ಸಿನ ದುಡ್ಡು, ಎರಡೂ ಅಂದುಕೊಳ್ಳದ ಖರ್ಚು. ನೀವು ಏನು ಬಿಡುತ್ತೀರಿ ಅಂತ ಯೋಚಿಸಿಕೊಂಡೇ ಬಸ್ಸು ಹತ್ತಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಏನೇ ಆದರೂ ಹೆತ್ತವರು. ನೂರು ಕಾಲ ಚೆನ್ನಾಗಿರಿ. ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಮ್ಮು ಬಂದರೆ ಮುಚ್ಚಿಡಬೇಡಿ.

ಇಂತಿ,
ಬಟಾಣಿಯ ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಾನು ಏನೇ ಹೇಳಿದರೂ ಮಗಳು ಬಲಗಿವಿ ಕೊಟ್ಟು ಕೇಳುತ್ತಾಳೆ. ನಿಮ್ಮ ಪತ್ರ ಓದಿ ಹೇಳುವಾಗ ಮಾತ್ರ ಎಡಗಿವಿಯನ್ನು ನನ್ನತ್ತ ಮಾಡಿ ಕೂರುತ್ತಾಳೆ. ಪಾಪ, ಮರೆಯುತ್ತಾಳೆ ಅಂದುಕೊಂಡಿದ್ದೆ. ನಿನ್ನೆ ಎದ್ದು ಅವಳ ಬಲಕ್ಕೆ ಹೋಗಿ ಕೂತು ಓದಿದೆ. ಅವಳೂ ತಿರುಗಿ ಕೂತಳು, ಕೇಳುವ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು.