ತುರ್ತು ಬಾಗಿಲು

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳಿಗೆ,

ಹೊಲಿಗೆ ಕಾರ್ಖಾನೆಯ ಹುಡುಗಿಯರಿಗೆ ಬೆಂಕಿಯಿಂದ ಪಾರಾಗುವುದನ್ನು ಕಲಿಸಲು ಇಂದು ಮೊದಲ ಬಾರಿ ಹೋಗಿದ್ದೆ. ಬಟ್ಟೆಮೂಟೆಗಳನ್ನು ಸರಿಸಿ, ಗಂಟೆ ಬಾರಿಸಿ, ತಾವು ಕಳೆದ ತಿಂಗಳು ಒಪ್ಪಿಗೆ ನೀಡಿದ ತುರ್ತು ಬಾಗಿಲಿನತ್ತ ಎಲ್ಲರನ್ನೂ ಓಡಿಸಿದೆ. ಮುಂದಿದ್ದವಳು ದೂಡಿದಳು, ಗುದ್ದಿದಳು.

"ಮೇಷ್ಟ್ರೇ, ಇದು ಬಾಗಿಲಲ್ಲ! ಗೋಡೆಗೆ ಬಳಿದಿರೋ ಬಣ್ಣ!"

"ಚಿಲಕ ಎಷ್ಟ್ ಚೆನ್ನಾಗಿ ಬರ್ದಿದಾರೆ ನೋಡ್ರೇ," ಎಂದು ಇನ್ನೊಬ್ಬಳು ನಕ್ಕಳು.

ಮಾಲೀಕರನ್ನು ಕೇಳಿದರೆ, "ಸಾಹೇಬ್ರೇ ನೋಡಿ ಒಪ್ಪಿದಾರಲ್ಲ?" ಎಂದರು.

ನಿಜವಾದ ಬಾಗಿಲು ಬರುವವರೆಗೆ ಕೆಲಸ ನಿಲ್ಲಿಸಲು ದಯವಿಟ್ಟು ಆದೇಶಿಸಿ. ಈ ಹುಡುಗಿಯರು ಸರ್ಕಾರ ತಮ್ಮನ್ನು ಕಾಪಾಡುತ್ತದೆಂದು ಇನ್ನೂ ನಂಬಿದ್ದಾರೆ. ನಾಳೆಯೇ ಬಂದು, ತಾವು ಒಪ್ಪಿದ ಆ ಬಾಗಿಲನ್ನು ಅವರೆದುರು ತಾವೇ ಒಮ್ಮೆ ದೂಡಿ ನೋಡಬೇಕು.

ಭರವಸೆ ಬಿಡದ,
ಸುರಕ್ಷತಾ ತರಬೇತುದಾರ